ಅಂದಪ್ಪನ ಹೊಲದ ಕೂಗು

ದೀಪ ಸಣ್ಣದ ಇರ್ಲಿ, ಆರಿಸಬ್ಯಾಡ್ರಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನಮ್ಮ ಕಾಕಾನ ಮಗ ಫಕೀರೇಶ, ಮುಂಡರಗಿ ಬಸ್ ಸ್ಟ್ಯಾಂಡ್ ಹತ್ರ ಒಡೆದ ಟ್ಯಾಬು, ಕೆಟ್ಟು ನಿಂತ ಹಾಡಿನ ಡಬ್ಬಿ ರಿಪೇರಿ ಮಾಡತಾನಲ್ಲ... ಅಂವಗ ಆಗಿದ್ದು.

ಆ ರಾತ್ರಿ ಅವನ ಗಾಡಿ ಪಂಕ್ಚರ್. ಸಿಂಗಟಾಲೂರು ದಾರಿ ಹಿಡದು ನಡಕೋಂತ ಊರಿಗೆ ಹೊಂಟಿದ್ದ. ದಾರ್ಯಾಗ ಹಳೇ ಬಾವಿ, ಅದರ ಬಾಜೂಕ ಅಂದಪ್ಪನ ಗೋವಿನಜೋಳದ ಹೊಲ. ಆ ಹೊಲ ಬಂತಂದ್ರ ಅಂವ ತಲಿ ತಗ್ಗಿಸಿ ಜಲ್ದಿ ಜಲ್ದಿ ಹೆಜ್ಜಿ ಹಾಕತಿದ್ದ. ದೆವ್ವದ ಅಂಜಿಕಿ ಅಲ್ಲ... ನಾಚಿಕಿ.

ಯಾಕಂದ್ರ, ಕೇಳ್ರಿ. ಕಪ್ಪತಗುಡ್ಡದ ಕಡಿಯಿಂದ ಕಾಡಹಂದಿ ಬರತಾವಲ್ಲ, ಅವನ್ನ ಓಡಸಾಕ ರೈತರು ತಮ್ಮ ಕೂಗು ರೆಕಾರ್ಡ್ ಮಾಡಿ, ಹಾಡಿನ ಡಬ್ಬಿಗೆ ಹಾಕಿ, ರಾತ್ರಿ ಇಡೀ ಹೊಲದಾಗ ಹಚ್ಚಿಡತಾರ. ಅಂದಪ್ಪನೂ ಹಂಗ ಮಾಡಿದ್ದ. ಹೋದ ಬ್ಯಾಸಗ್ಯಾಗ ಅಂವ ತೀರಿಕೊಂಡ. ಡಬ್ಬಿ ಮಾತ್ರ ಕೂಗತಾನ ಇತ್ತು. ಮಳ್ಯಾಗ ತೊಯ್ದು ಅದೂ ಬಂದ್ ಬಿದ್ದಾಗ, ಅವನ ಹೆಂಡತಿ ಗದಿಗೆವ್ವ ಸೆರಗಿನಾಗ ಸುತ್ತಿಗೊಂಡು ಫಕೀರೇಶನ ಅಂಗಡಿಗೆ ತಂದ್ಲು.

"ಒಳಗಿಂದು ಹಂಗ ಇರ್ಲಿ, ಯಪ್ಪಾ," ಅಂದ್ಲು. ಅಷ್ಟ.

ವಾಯರಿಗೆ ಜಂಗ್ ಹಿಡದಿತ್ತು. ಬೆಸಗಿ ಹಾಕಿದ. ಕುರ್... ಕುರ್ರ್... ಅಂತು. ಆಮ್ಯಾಲ ಅಂದಪ್ಪನ ಧ್ವನಿ: "ಹೋ... ಹೋಯ್... ಹುರ್ರ್ರ್..." ಕಡೀಕ ಕೆಮ್ಮು, ಖೊಕ್... ಖೊಕ್. ಅದರ ಬೆನ್ನಿಗೆ ಒಂದ ಮಾತು, ರೆಕಾರ್ಡ್ ಮಾಡುವಾಗ ಹೆಂಡತಿನ್ನ ಕೇಳಿದ್ದು ಕಾಣತೈತಿ, "ಸಾಕೇನ?"

ನಮ್ಮ ಫಕೀರೇಶ ನಕ್ಕ. ನಗಕೋಂತನ ಡಬ್ಬಿಯೊಳಗಿನ ಮೆಮೊರಿ ಕಾರ್ಡು ಅಳಿಸಿಬಿಟ್ಟ. ಕೈಯ ರೂಢಿ ನೋಡ್ರಿ. ಯಾವ ಕಾರ್ಡು ಬಂದ್ರೂ ಮೊದಲ ಅಳಸೂದು, ಆಮ್ಯಾಲ ಹೊಸಾ ಹಾಡು ತುಂಬೂದು. ಬಟನ್ ಒತ್ತಿದ ಮ್ಯಾಲ ನೆನಪಾತು, ಅದು ಸತ್ತವನ ಧ್ವನಿ ಅಂತ. ತಿರುಗಿ ತರಾಕ ಏನೇನೋ ಮಾಡಿದ. ಬರಲಿಲ್ಲ.

ಆಗರ ಖರೆ ಹೇಳಬೇಕಿಲ್ಲ? ಅಂಗಡಿ ಬಾಗಲಾ ಹಾಕಿ, ತಾನ ಕೂಗಿ ರೆಕಾರ್ಡ್ ಮಾಡಿದ! ಹಂದಿಗೆ ಯಾರ ಧ್ವನಿ ಆದ್ರೇನು ಅಂತ. ಆಕಿ ಪಾಪ, ಡಬ್ಬಿ ಹಣಿಗೆ ಹಚ್ಚಿಕೊಂಡು, "ಪುಣ್ಯ ಬರ್ಲಿ ನಿನಗ," ಅಂದು, ಉಡ್ಯಾಗಿಂದ ಎಳೇ ತೆನಿ ತಗದು ಕೊಟ್ಟು ಹೋದ್ಲು. ಮನಿಯಾಗ ಸುಟಗೊಂಡು ಎಲ್ಲಾರೂ ತಿಂದ್ರು. ಅಂವ ಮಾತ್ರ ಒಂದ ಕಾಳೂ ಮುಟ್ಟಲಿಲ್ಲ.

ಈಗ ಆ ರಾತ್ರಿ... ಬಾವಿ ಹತ್ರ ಬಂದ. ರಾಟಿ ತಾನ ಕಿರ್... ಕಿರ್... ಅನ್ನಾಕ ಹತ್ತಿತ್ತು, ಗಾಳಿಗೆ. ಅಷ್ಟರಾಗ ಹೊಲದಾಗಿಂದ,

"ಹೋ... ಹೋಯ್... ಹುರ್ರ್ರ್..."

ಇವನ ಧ್ವನಿ ಅಲ್ಲ. ಅಂದಪ್ಪಂದು.

ಖೊಕ್... ಖೊಕ್. "ಸಾಕೇನ?"

ಖರೆ ಹೇಳತೇನಿ, ಅಂವಗ ಮೊದಲ ಖುಷೀನ ಆತು. ಅಳಿಸಿದ್ದು ಎಲ್ಲೋ ಉಳದೈತಿ, ಇನ್ನ ಆಕಿ ಮುಂದ ಮಾರಿ ಎತ್ತಿ ನಿಲ್ಲಬಹುದು ಅಂತ ಹೊಲದಾಗಿನ ಆಕಿ ಗುಡಸಲಕ್ಕ ಓಡಿದ.

ಗದಿಗೆವ್ವ ಹೊಸ್ತಲದಾಗ ಕುಂತಿದ್ಲು. "ಸಾವಕಾಶ ಮಾತಾಡು," ಅಂದ್ಲು, ಪಿಸುಮಾತಿನಾಗ.

"ಆಯಿ, ಡಬ್ಬಿ ಎಲ್ಲೈತಿ?"

ಮೂಲಿ ತೋರಿಸಿದ್ಲು. ಅರಿವ್ಯಾಗ ಸುತ್ತಿಟ್ಟಿತ್ತು. ಬ್ಯಾಟರಿ ತಗದು ಬಾಜೂಕ ಇಟ್ಟಿದ್ಲು.

ಹೊಲದಾಗ ಮತ್ತ... "ಹೋ... ಹೋಯ್..."

ಫಕೀರೇಶ ಆಕಿ ಮುಂದ ಕುಕ್ಕರಿಸಿದ. "ಆಯಿ... ತಪ್ಪಾತು. ಅವರ ಧ್ವನಿ ನಾನ ಅಳಿಸೇನಿ. ನಿಮಗ ಹೇಳಾಕ ಮಾರಿ ಇರಲಿಲ್ಲ."

"ಗೊತ್ತೈತಿ. ಹಚ್ಚಿದ ಕೂಡಲೇ ತಿಳೀತು. ಅದಕ್ಕ ಬಂದ್ ಮಾಡಿಟ್ಟೆ."

ಬೈಲಿಲ್ಲ. ಬೈದಿದ್ರ ಚಲೋ ಇತ್ತು ಅಂತಾನ ಅಂವ, ಇವತ್ತಿಗೂ.

"ಅವರ ಧ್ವನಿ ಡಬ್ಬ್ಯಾಗ ಕೂಗತಿದ್ರ ನಮ್ಮವರು ಮಲಗಿರತಿದ್ರು, ಯಪ್ಪಾ. ಈಗ ತಾವ ಅಡ್ಡಾಡಿ ಕೂಗತಾರ. ಎಷ್ಟ ದಣದಾರ ಕೇಳು..."

ಖೊಕ್... ಖೊಕ್. "ಸಾಕೇನ?" ಗುಡಸಲ ಹಿಂದ, ಅಗದೀ ಹತ್ರ.

"ಸಾಕ್ರಿ. ಬರ್ರಿ, ಮಲಕೋರ್ರಿ," ಅಂದ್ಲು ಗದಿಗೆವ್ವ.

ಯಾರೂ ಬರಲಿಲ್ಲ. ಹೊಲದ ಆ ತುದ್ಯಾಗ ಮತ್ತ ಕೂಗು.

ಫಕೀರೇಶ ಅಳಕೋಂತ ಬ್ಯಾಟರಿ ಹಾಕಿದ. ಡಬ್ಬಿ ಒಯ್ದು ಹೊಲದ ನಡುವ ಗೂಟಕ್ಕ ಕಟ್ಟಿ ಹಚ್ಚಿದ. ತನ್ನ ಕಳ್ಳ ಕೂಗು ತನಗ ಕೇಳಿ ಮಾರಿ ಮುಚಗೊಂಡ. "ನಂದ ಕೂಗ್ಲಿ ಅಂದಪ್ಪ ಕಾಕಾ... ನೀವು ಮಲಕೋರ್ರಿ," ಅಂದ.

ಕತ್ತಲದಾಗ ಜೋಳದ ಎಲಿ ಸರ್... ಸರ್... ಅಂದ್ವು, ಗುಡಸಲ ತನಕ. ಆಮ್ಯಾಲ ಒಳಗ ಹೊರಸು ಕಿರ್ರ್ ಅಂತು, ಯಾರೋ ಮೈ ಚೆಲ್ಲಿದಂಗ. ಗದಿಗೆವ್ವ ಇನ್ನೂ ಹೊಸ್ತಲದಾಗ ಕುಂತಿದ್ಲು.

ಸುಳ್ಳಂತೀರೇನು? ನಾಳೆ ಮುಂಜಾನೆ ಅವನ ಅಂಗಡಿಗೆ ಹೋಗ್ರಿ, ಏನರ ಮಾತಾಡಸ್ರಿ. ಆ ಡಬ್ಬಿ ಇನ್ನೂ ಹೊಲದಾಗ ಕೂಗತೈತಿ. ಇಲ್ಲೆ ದಿನಾ ಮುಂಜಾನೆ ಇವನ ಧ್ವನಿ ಕಟ್ಟಿರತೈತಿ, ರಾತ್ರಿ ಇಡೀ ತಾನ ಕೂಗಿದವರಂಗ; ಮಧ್ಯಾಹ್ನಕ್ಕ ಬಿಡತೈತಿ. ರಾತ್ರಿ ಕೂಗತಾನೇನು ಅಂತ ಅವನ ಹೆಂಡತಿ ಸುಶ್ಮಿತಾನ್ನ ನಾನ ಕೇಳೇನಿ. ಇಲ್ಲಂತ. ಬಾಯಿ ಮುಚಗೊಂಡು, ಮಗ್ಗಲಾ ಸೈತ ಬದಲಸದ ಮಲಗಿರತಾನಂತ.