ಮೆಂತ್ಯೆ ಸೊಪ್ಪಿನಡಿಯ ಗುಳಿಗೆ

ಒಂದೂರಲ್ಲಿ ಅಕ್ಕಿ ಗಿರಣಿಯ ಸಾಹುಕಾರನೊಬ್ಬ ಇದ್ದ. ಕೆಮ್ಮು ಹಿಡಿದು ಎರಡು ತಿಂಗಳಾಗಿತ್ತು. ನೋಡಿ, ಬಡವ ಕೆಮ್ಮಿದರೆ ಕ್ಷಯ, ಸಾಹುಕಾರ ಕೆಮ್ಮಿದರೆ? ‘ಯಜಮಾನರು ಗಂಟಲು ಸರಿಮಾಡಿಕೊಂಡರು!’ ಆದರೆ ಕಫ ಪರೀಕ್ಷೆಗೆ ಈ ಮರ್ಯಾದೆಯೆಲ್ಲ ಗೊತ್ತಿರಲಿಲ್ಲ. ಕ್ಷಯ ಎಂದೇ ಹೇಳಿಬಿಟ್ಟಿತು.

ಆರು ತಿಂಗಳ ಗುಳಿಗೆ. ದಿನಾ ಕಣ್ಣೆದುರೇ ನುಂಗಿಸುವ ಕೆಲಸ ಆ ಓಣಿಯ ಆಶಾ ಕಾರ್ಯಕರ್ತೆಯ ಪಾಲಿಗೆ ಬಂತು. ಸಾಹುಕಾರ ಕೈಮುಗಿದನೆ? ಇಲ್ಲ, ಷರತ್ತು ಹಾಕಿದ.

“ನೋಡವಾ, ಆ ಆಶಾದವರ ಗುಲಾಬಿ ಸೀರಿ ಉಟ್ಕೊಂಡು ಮುಂಬಾಗಲಿಗೆ ಬರಬ್ಯಾಡ. ಮಂದಿ ಏನಂದಾರು? ಹಿತ್ತಲ ಬಾಗಲಿಗೆ ಬಾ. ಸೊಪ್ಪು ಮಾರಾಕಿ ಹಂಗ ಬಾ.”

ಹಾಗೆಯೇ ಬಂದಳು. ಬುಟ್ಟಿಯಲ್ಲಿ ಮೆಂತ್ಯೆ ಸೊಪ್ಪು, ಸೊಪ್ಪಿನಡಿ ಗುಳಿಗೆ. ಈಗ ಸೊಪ್ಪೂ ಮಾರತೊಡಗಿದಳೆಂದು ದಾರಿಯಲ್ಲಿ ಹೆಂಗಸರು “ಮೆಂತ್ಯಾ ಹೆಂಗ ಕೊಟ್ಟಿ?” ಎಂದರೆ “ಎಲ್ಲಾ ಸಾವ್ಕಾರ್ರ ಮನಿಗೇ ರೀ” ಎಂದು ನಗುತ್ತಿದ್ದಳು. ಎಷ್ಟು ಮೆಂತ್ಯೆ ತಿನ್ನುತ್ತಾನಪ್ಪ ಈತ ಎಂದು ಓಣಿಯೇ ಬೆರಗಾಯಿತು! ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿತು, ದನಿಯೂ ಏರಿತು.

ಆ ಸಂತೋಷಕ್ಕೆ ಅವನ ಮನೆಯಲ್ಲಿ ದಾಸೋಹ. ಅವಳೂ ಪಂಕ್ತಿಯಲ್ಲಿ ಕೂತಳು. ಎಲೆಗೆ ಅನ್ನ ಬಿದ್ದಿತ್ತು. ಪಕ್ಕದಾಕೆ ಮೂಗಿಗೆ ಸೆರಗು ಹಿಡಿದು ರಾಗ ಎಳೆದಳು: “ಅಯ್ಯ, ಇಕಿ ಕ್ಷಯದವರ ಮನಿಮನಿ ಅಡ್ಡಾಡತಾಳ್ರೀ! ನಮ್ಮ ಮಕ್ಕಳಿಗೆ ಹತ್ತಿದ್ರ ಹ್ಯಾಂಗ?”

ಪಾಯಸದ ಬಕೆಟ್ಟು ಹಿಡಿದು ಸಾಹುಕಾರ ಬಂದ. ಅವಳ ಮುಖ ನೋಡದೆಯೇ ಅಂದ: “ಏಳವಾ. ದನದ ಕೊಟಗಿ ಕಡೆ ಕುಂದ್ರು. ಅಲ್ಲೇ ನೀಡಸ್ತೀನಿ.”

ಯಾರು ಎಬ್ಬಿಸಿದ್ದು? ಯಾರನ್ನು ಎಬ್ಬಿಸಿದ್ದು? ಅಂದೇ ಬೆಳಿಗ್ಗೆ ಅವಳ ಕೈಯಿಂದ ಗುಳಿಗೆ ನುಂಗಿದ ಬಾಯಿ ಅದು!

ಅವಳ ನಾಲಿಗೆಯ ತುದಿಗೆ ಒಂದೇ ಒಂದು ಮಾತು ಬಂದಿತ್ತು. ಆಡಿದ್ದರೆ ಇಡೀ ಪಂಕ್ತಿ ಪಾಯಸ ಬಿಟ್ಟು ಓಡುತ್ತಿತ್ತು. ಆ ಮಾತನ್ನೇ ನುಂಗಿಕೊಂಡಳು. ಎಲೆ ಮಡಿಚಿ ಎದ್ದು ಮನೆಗೆ ಹೋದಳು. ಒಬ್ಬರಾದರೂ ‘ಕೂಡು ತಾಯಿ’ ಎಂದರೇ? ಇಲ್ಲ. ಎಲೆ ಸರಿಸಿ ಜಾಗ ತುಂಬಿಕೊಂಡರು.

ಮರುದಿನ ಅದೇ ಹೊತ್ತಿಗೆ ಹಿತ್ತಲ ಬಾಗಿಲು ಬಡಿದಳು. ಸಾಹುಕಾರ ನೆಲ ನೋಡುತ್ತ ಕೇಳಿದ: “ಮಂದಿ ಮುಂದ ಯಾಕ ಹೇಳಲಿಲ್ಲವಾ ನೀ?”

“ಹೇಳಿದ್ರ ಇವತ್ತ ನೀವು ಬಾಗಲಾ ತಗೀತಿದ್ರೇನ್ರೀ? ಇನ್ನೂ ನಾಕು ತಿಂಗಳ ಗುಳಿಗಿ ಉಳದಾವು. ಬಾಯಿ ತಗೀರಿ.”

ಸಾಹುಕಾರನನ್ನು ಬೈದು ಹಗುರಾಗಿ ಮನೆಗೆ ಹೋಗೋಣ ಎಂದಿರಾ? ಆ ಪಂಕ್ತಿಯಲ್ಲಿ ಎಲೆ ಸರಿಸಿದವರು ಯಾರು? ನಾವು! ಅವಳಿಗೆ ಬೇರೆ ಲೋಟ ಇಟ್ಟವರು ನಾವು. ಮಗಳ ಸಂಬಂಧ ತಪ್ಪೀತೆಂದು ಮಗಳ ರೋಗವನ್ನೇ ಮುಚ್ಚಿಟ್ಟವರು ನಾವು. ಕೆಮ್ಮು ನಿಂತಿತೆಂದು ಗುಳಿಗೆಯನ್ನು ನಡುವೆಯೇ ಬಿಟ್ಟು, ರೋಗಕ್ಕೆ ಮತ್ತೆ ಮಣೆ ಹಾಕಿ ಕೂರಿಸಿದವರೂ ನಾವೇ. ಸಾಕು ಮಾಡಿ! ಎರಡು ವಾರ ಕೆಮ್ಮಿದರೆ ಕಫ ಪರೀಕ್ಷೆ ಮಾಡಿಸಿ. ಕೊನೆಯ ಗುಳಿಗೆಯ ತನಕ ನುಂಗಿ. ಆಕೆ ಬಂದಾಗ ಹೆಸರು ಹಿಡಿದು ಒಳಗೆ ಕರೆಯಿರಿ, ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ.

ಪ್ರವಚನ ಮುಗಿಯಿತು, ಈಗ ಪ್ರಸಾದಕ್ಕೆ ಏಳುತ್ತೀರಿ. ನಿಮ್ಮೂರಿನ ಆಶಾ ತಾಯಿ ಅಗೋ, ಹಿಂದೆ ಚಪ್ಪಲಿ ಬಿಡುವ ಕಡೆ ಕೂತಿದ್ದಾಳೆ. ಅವಳ ಬಲಗಡೆಯ ಎಲೆ ನನ್ನದು. ಎಡಗಡೆಗೆ ಯಾರು ಬರುತ್ತೀರಿ?