ಕ್ಲಚ್ ಇಲ್ಲದ ಕಾರು

ಇದು ನಮ್ಮ ತಂಗಿ ಮಗ ಬದರಿನಾಥನಿಗೆ ಆದದ್ದು. ಮದರಾಸಿನಲ್ಲೇ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರೋದಿಲ್ಲ.

ಪೆರುಂಗುಡಿ ಆಫೀಸಿನಿಂದ ಹೊತ್ತು ಮೀರಿ ಹೊರಟಿದ್ದ. ಒಳದಾರಿ, ದೊಡ್ಡ ಆಲದ ಮರ... ಬೀದಿದೀಪ ಇಲ್ಲ. ಕಾರು ಹೊಸದು. ಆಟೋಮ್ಯಾಟಿಕ್ಕಂತೆ, ಗೇರು ತಾನೇ ಬದಲಾಗುತ್ತೆ. ಎಡಗಾಲಿಗೆ ಕೆಲಸವಿಲ್ಲ, ಕ್ಲಚ್ ಪೆಡಲೇ ಇಲ್ಲ. ಗೇರ್‌ಬಾಕ್ಸಿನ ಪ್ಲೇಟುಗಳೆಲ್ಲ ಒಳಗೆ ಎಣ್ಣೇಲಿ ಮುಳುಗಿರ್ತವಂತೆ. ಎಣ್ಣೆ ಕೆಟ್ಟರೆ ಮಾತ್ರ ಬೇಗ ಸವೆಯೋದಂತೆ.

ಹಳೇ ಕಾರಿನ ಕತೆ ಬೇರೆ. ತೊಂಬತ್ತೆಂಟರಲ್ಲಿ ಅದರ ಕ್ಲಚ್ ಪ್ಲೇಟು ಸುಟ್ಟುಹೋಗಿತ್ತು. ನುಂಗಂಬಾಕ್ಕಂ ಶೆಡ್ಡಿನಲ್ಲಿ ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ರಿವೆಟ್ಟು ಕಾಣೋವರೆಗೆ ಸವೆದಿತ್ತು, ಬೇರಿಂಗೂ ಹೋಗಿತ್ತು. "ಯಾರ್ ಸಾರ್ ಕ್ಲಚ್ ಮೇಲಯೇ ಕಾಲ್ ವೆಚ್ಚು ಓಟ್ರದು?" ಅಂದ. ಪೆಡಲ್ ಮೇಲಿಂದ ಕಾಲೇ ತೆಗೆಯದೆ ಓಡಿಸೋರು ಯಾರು ಅಂತ.

ಆ ಚಾಳಿ ಬದರೀದೇ. ಆದರೆ ಕೈ ತೋರಿಸಿದ್ದು ಹೆಂಡತಿ ವಿಮಲಾ ಕಡೆಗೆ. "ಇವಳೇ, ಹೊಸದಾಗಿ ಕಲೀತಿದಾಳೆ. ಸೌಟು ಹಿಡಿಯೋ ಕೈಗೆ ಸ್ಟೀರಿಂಗ್ ಕೊಟ್ಟೆ ನೋಡಿ!"

ಶೆಡ್ಡಿಗೆ ಶೆಡ್ಡೇ ನಕ್ಕಿತು. ವಿಮಲಾ ಮತ್ತೆ ಕಾರು ಮುಟ್ಟಲಿಲ್ಲ. ಕೆಲವೇ ವರ್ಷಕ್ಕೆ ಜ್ವರ ಬಂದು ಹೋಗೇಬಿಟ್ಟಳು. ಈಗ ಮಗಳು, ಮೌನ ಅಂತ ಹೆಸರು, ಕಾರು ಕಲೀತೀನಿ ಅಂದರೂ ಇವನದು ಅದೇ ಮಾತು.

"ನಿಮ್ಮಮ್ಮನ ಹಾಗೆ ಕ್ಲಚ್ ಸುಡ್ತೀಯ."

"ಇದರಲ್ಲಿ ಕ್ಲಚ್ಚೇ ಇಲ್ಲಪ್ಪಾ."

"ಹಾಗಾದ್ರೆ ಗೇರ್‌ಬಾಕ್ಸೇ ಸುಡ್ತೀಯ."

ಆ ರಾತ್ರಿ ಆಲದ ಮರದ ಹತ್ತಿರ ಬಂದ... ಕೀಂಯ್... ಸಣ್ಣಗೆ. ಕ್ಲಚ್ ಒತ್ತಿದಾಗ ಸವೆದ ಬೇರಿಂಗು ಕೂಗುತ್ತಲ್ಲ, ಅದೇ ಸದ್ದು. ಈ ಕಾರಿನಲ್ಲಿ ಆ ಬೇರಿಂಗೇ ಇಲ್ಲ! ಆಮೇಲೆ ಸುಟ್ಟ ಪ್ಲೇಟಿನ ವಾಸನೆ. ಎಡಗಾಲಿನ ಕೆಳಗೆ ಏನೋ ತಣ್ಣಗೆ... ಪೆಡಲಿನ ಹಾಗೆ ಮೆತ್ತಗೆ ತಗ್ಗಿತು.

ಪಕ್ಕದ ಸೀಟಿನಿಂದ ಪಿಸುಮಾತು.

"ರೀ... ಕಾಲು ತೆಗೀರಿ."

ಅವನು ತಿರುಗಲಿಲ್ಲ. "ವಿಮಲಾ?"

"ಮಗಳಿಗೆ ಹೇಳಿದ್ರಾ?"

"ಇಲ್ಲ..."

"ಹೇಳಿ."

ಕಾಲೆತ್ತಿದ. ಟಕ್. ಸದ್ದು ನಿಂತಿತು. ಪಕ್ಕದಲ್ಲಿ ಯಾರೂ ಇಲ್ಲ.

ಮನೆಗೆ ಬಂದವನೇ ಮಗಳನ್ನು ಎಬ್ಬಿಸಿದ. "ಎನ್ನಾಚ್ಚು ಅಪ್ಪಾ?" ಏನಾಯ್ತೋ ಅಂತ ಅವಳಿಗೆ ಗಾಬರಿ. ಇವನು ನೆಲ ನೋಡಿಕೊಂಡೇ ಎಲ್ಲ ಹೇಳಿದ. "ಸುಟ್ಟಿದ್ದು ನಾನು ಕಣಮ್ಮ. ನಿಮ್ಮಮ್ಮ ಅಲ್ಲ."

ಅವಳು ಎದ್ದು ಕೂತಳು. "ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆದ್ರೂ ಬೈಸಿಕೊಂಡ್ಳಾ?"

ಅವಳು ಬಾಗಿಲು ಹಾಕಿಕೊಂಡಳು.

ಬೆಳಗ್ಗೆ ಬದರಿ ಕಾರಿನಲ್ಲಿ ಕೂರೋಕೆ ಹೋದ... ಆಗಲಿಲ್ಲ. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಡ್ರೈವರ್ ಸೀಟು ಪೂರ್ತಿ ಮುಂದಕ್ಕೆ ಸರಿದು ಕೂತಿತ್ತು. ಕೀ ರಾತ್ರಿಯೆಲ್ಲ ಅವನ ದಿಂಬಿನ ಕೆಳಗೇ ಇತ್ತು. ಮಗಳು ಮೌನ ಅಪ್ಪನಷ್ಟೇ ಉದ್ದ. ವಿಮಲಾ ಮಾತ್ರ ಗಿಡ್ಡಿ, ನನ್ನ ಭುಜಕ್ಕೆ ಬರ್ತಿದ್ದಳು, ಅಷ್ಟೇ.

ಆ ವಾರ ನಾನು ಅಲ್ಲೇ ಇದ್ದೆ. ಸೀಟನ್ನ ಹಿಂದಕ್ಕೆ ತಳ್ಳೋ ಮೊದಲು ಅವನು ನನ್ನನ್ನ ಕರೆದು ತೋರಿಸಿದ. ಈ ಕಣ್ಣಲ್ಲೇ ನೋಡಿದೀನಿ.