ಕುಂಚಗಿ ಬಿಚ್ಚಬ್ಯಾಡ, ಸಾವಂತ್ರಿ!

…ಹಸಿವಿಗಿ ಅಳಾಕತ್ತಾನ, ಸಾವಂತ್ರಿ, ಬರೇ ಹಸಿವು! ಗುಡಿಯಿಂದ ಬಂದಾಕಿ ಚಪ್ಪಲಿ ಸೈತ ಒಳಗ ಓಡಿ ಬಂದಿಯಲ್ಲ? ಮೊಮ್ಮಗನ್ನ ನಾ ನೋಡ್ಕೊಳ್ಳಾಕತ್ತೇನಿ. ಮಗಳು ಈಗರೆ ಹಾಲು ಕುಡಿಸಿ ಮಲಗ್ಯಾಳ, ಎಬ್ಬಸಬ್ಯಾಡ.

ಏನು? ಈಗರೆ ಕುಡದಾಂವಗ ಹಸಿವು ಹೆಂಗ ಅಂತಿ? ಆತಪಾ, ತುಟಿಗಿ ಬೆರಳು ತಾಗಿಸಿ ನೋಡು. ಹಸಿದ ಕೂಸು ಬೆರಳಿನ ಕಡೆ ಬಾಯಿ ತಿರುವತೈತಿ ಅಂತ ದವಾಖಾನ್ಯಾಗ ಸಿಸ್ಟರಬಾಯಿ ಹೇಳಿದ್ದು ನಾನೂ ಕೇಳೇನಿ… ತಿರುವಲಿಲ್ಲಲ್ಲ. ಇರಲಿ. ಮಾಲು ಪಸಂದ ಬಂದಿಲ್ಲ ಅವಗ!

ನಗಲಿಲ್ಲ ನೀ.

ಹೌದು, ಕೂಸಿನ ಹುಬ್ಬು ಗಂಟಾಗ್ಯಾವು. ಕಣ್ಣು ಹಿಂಡಿ ಮುಚ್ಚ್ಯಾನ, ಮೂಗಿನ ಬಾಜೂಕ ಗೆರಿ ಬಿದ್ದಾವು, ಗದ್ದ ನಡಗತೈತಿ, ಕಾಲ್ಬೆರಳು ಬೀಸಣಕಿಯಂಗ ಅಗಲಾಗ್ಯಾವು. ಇವೆಲ್ಲಾ ನೋವಿನ ಗುರುತಂತ ಸಿಸ್ಟರಬಾಯಿ ಅಂತಾಳ. ಸ್ಟೇಷನ್ ರಸ್ತೇದಾಗ ಅರಿವಿ ಮಾರಿ ತಲಿ ಬೆಳ್ಳಗಾದಾಂವ ನಾ, ನನಗ ಮಾರಿ ಓದಾಕ ಕಲಸ್ತಿಯೇನು? ತಿಕೋಟಾ ಕಡೆ ಗಿರಾಕಿ ರೇಟು ಕೇಳಿದ ಕೂಡ್ಲೆ ಇದಽ ಮಾರಿ ಮಾಡ್ತಾರ! ಅವರಿಗೆಲ್ಲಿ ನೋವಾಗಿರತೈತಿ? ಕಿಸೇದಾಗ!

ಏ, ಏ! ಕುಂಚಗಿ ಬಿಚ್ಚಬ್ಯಾಡ! ತಲಿ, ಬೆನ್ನು ಎಲ್ಲಾ ಮುಚ್ಚೂಹಂಗ ನಾನಽ ಕಟ್ಟೇನಿ. ಗಾಳಿ ಐತಿ… ಫ್ಯಾನು ಬಂದ್ ಐತಿ, ಖರೆ. ಆದ್ರೂ ಗಾಳಿ… ಎಲ್ಲಿಂದರೆ ಬರತೈತಿ.

ಫೋನು? ಬಡಕೊಳ್ಳಲಿ ಬಿಡು, ಬಬಲೇಶ್ವರದ ಗಿರಾಕಿ. ಕೂಸಿನ ಜರಿ ಅಂಗಿ ಐತೇನಂತ ಆಗಲೇ ಒಮ್ಮಿ ಕೇಳ್ಯಾರ. ಹೊಸಾ ಮಾಲು ಅವರಿಗೆ ಹೆಂಗ ಗೊತ್ತಾತಂದ್ರ… ಮಂದಿ ಫೋನಿನ್ಯಾಗ ಏನೇನೋ ನೋಡ್ತಾರಪಾ, ನಾ ಏನ್ ಮಾಡ್ಲಿ?

ಗೊತ್ತೈತಿ ಬೇ, ಹೆಸರಿಡೂ ತನಕ ಕೂಸಿಗಿ ಹೊಸಾ ಅರಿವಿ ತೊಡಸೂದಿಲ್ಲ. ಹಳೇ ಧೋತರದ ಮೆತ್ತನ್ನ ಅಂಗೀನಽ ಆಗಬೇಕು. ನನ್ನ ಧೋತರಾನಽ ಹರದು ಹೊಲದಿದ್ದಿ, ಮರೀಲಿ ಹೆಂಗ? ಅದಽ ಐತಿ ಒಳಗ. ಅದಽ… ಇರಬೇಕು.

ಬಿಚ್ಚೇ ಬಿಟ್ಟಿ. ಅಂಗೀನೂ ತಗದಿ.

…

ಅರೇ! ಸುಮ್ಮನಾದ ನೋಡು! ಎಷ್ಟು ಶಾಣ್ಯಾ ಅದಾನ!

ನಿನ್ನ ಕೈಯಾಗ ಏನದು… ನಮ್ಮಂಗಡಿ ರೇಟಿನ ಚೀಟಿ. ಹೌದು. ಚೀಟಿ ಸಿಗಸೂ ಪ್ಲಾಸ್ಟಿಕ್ ಕಡ್ಡೀನೂ ಐತಿ. ಚೀಟಿ ಕಿತ್ತಿದ್ರ ಅಂಗಿ ಮತ್ತ ಅಂಗಡ್ಯಾಗ ಇಡಾಕ ಬರ್ತಿರಲಿಲ್ಲಲ್ಲ, ಅದಕ್ಕ… ಒಂದಽ ಒಂದು ಫೋಟೋ, ಸಾವಂತ್ರಿ! ಅಂಗಡಿ ಸ್ಟೇಟಸ್ಸಿಗೆ! ಅಂಗಿ ತಗೀಬೇಕಂತಿದ್ದೆ, ಅಷ್ಟರಾಗ ನೀ ಬಾಗಲದಾಗ ಕಂಡಿ, ಮ್ಯಾಲ ಕುಂಚಗಿ ಕಟ್ಟಿಬಿಟ್ಟೆ. ಚುಚ್ಚತೈತಿ ಅಂತ ನನಗೇನ್ ಗೊತ್ತು? ಗಿರಾಕಿ ಯಾರೂ ಹೇಳಿಲ್ಲ…

ಬೆನ್ನು ಕೆಂಪಗಾಗೇತಿ, ಕಂಡೆ. ತೋರಸಬ್ಯಾಡ.

ಕೂಸಿನ್ನ ಮಲಗಿಸಿ ನನ್ನ ಕಡೆ ಯಾಕ ತಿರುಗಿದಿ ಬೇ?

ಹಂಗ ನಿಂತ್ರ ಹೆಂಗ? ಹುಬ್ಬು ಗಂಟಾಗ್ಯಾವು… ಕಣ್ಣು ಸಣ್ಣಾಗ್ಯಾವು… ಗದ್ದ ನಡಗಾಕತ್ತೇತಿ… ಮುಷ್ಟಿ… ಸಾವಂತ್ರಿ, ಮುಷ್ಟಿ ಯಾಕ ಬಿಗಿ ಮಾಡಾಕತ್ತಿ?

ನಿನಗ… ನಿನಗ ಹಸಿವಾಗೇತೇನು?